ಅಪ್ಪನ ಮಿಷಿನ್ನಿನ ಡ್ರಾ ಗೋಡೆಗೆ ಬಂದದ್ದು: ಮನೆಯ ಸಾಮಾನುಗಳಿಂದ ಒಂದು ಪೆಟ್ಟಿಗೆ ಮಾಡುವ ಬಗೆ

ಅಪ್ಪ ಟೈಲರ್ ಆಗಿದ್ದರು. ದಾವಣಗೆರೆಯ ಮಂಡಿಪೇಟೆ ಹತ್ತಿರ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಮೂರು ಜನ ಒಳಗೆ ನಿಂತರೆ ನಾಲ್ಕನೆಯವರು ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಅಪ್ಪ ಹೋದ ಮೇಲೆ ಬಾಡಿಗೆ ಅಂಗಡಿ ಖಾಲಿ ಮಾಡಬೇಕಾಯಿತು. ಮಿಷಿನ್ನನ್ನು ಅವರ ಹತ್ತಿರ ಕೆಲಸ ಕಲಿತ ಹುಡುಗನಿಗೆ ಕೊಟ್ಟೆವು. ಮೇಜಿನ ಒಂದು ಕಡೆ ಮುರಿದಿತ್ತು, ಅವನು ಬೇರೆ ಮೇಜು ಮಾಡಿಸಿಕೊಂಡ. ಹಳೇ ಮೇಜಿನಿಂದ ಡ್ರಾ ಒಂದನ್ನು ಎಳೆದು ನಾನು ಮನೆಗೆ ತಂದೆ. ಒಳಗಿದ್ದದ್ದೆಲ್ಲ ಇದ್ದ ಹಾಗೇ ಇತ್ತು. ಕತ್ತರಿ, ಟೇಪು, ಬಾಬಿನ್ನುಗಳು, ಮೋಟು ಪೆನ್ಸಿಲ್, ತರಾವರಿ ಗುಂಡಿಗಳು, ಎಣ್ಣೆ ಡಬ್ಬಿ.

ಎಂಟು ತಿಂಗಳು ಅದು ಸಜ್ಜೆ ಮೇಲಿತ್ತು. ಈಗ ನಮ್ಮ ಹಾಲಿನ ಗೋಡೆ ಮೇಲೆ ಇದೆ, ಗಾಜು ಹಾಕಿಸಿಕೊಂಡು. ಅದನ್ನು ಹೇಗೆ ಮಾಡಿದೆ ಅಂತ ತುಂಬ ಜನ ಕೇಳಿದ್ದಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಚಿತ್ರಕಲೆ ಓದಿದವಳಲ್ಲ. ಓದಿರಲೇಬೇಕು ಅಂತಲೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥ ಒಂದು ಡ್ರಾ, ಟ್ರಂಕು, ಬಿಸ್ಕತ್ತಿನ ಡಬ್ಬಿ ಇದ್ದೇ ಇರುತ್ತದೆ, ಅಲ್ವಾ? ಅದನ್ನು ಇಳಿಸಿ, ಶುರು ಮಾಡೋಣ.

ಈ ಬಗೆಯ ಕೆಲಸಕ್ಕೆ ಅಸೆಂಬ್ಲಾಜ್ ಅಂತಾರೆ. ಬಳಸಿದ ವಸ್ತುಗಳನ್ನು ಒಟ್ಟಿಗೆ ಜೋಡಿಸಿ ಒಂದು ಕಲಾಕೃತಿ ಮಾಡುವುದು. 1942ರಲ್ಲಿ ಪಿಕಾಸೊ ಹಳೇ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಸೇರಿಸಿ ಹೋರಿಯ ತಲೆ ಮಾಡಿದ. ಎರಡೇ ವಸ್ತು, ನೋಡಿದ ತಕ್ಷಣ ಕೊಂಬು, ಮೂತಿ ಎಲ್ಲ ಕಾಣುತ್ತದೆ. ನಮ್ಮ ದೇಶದಲ್ಲಿ ನೇಕ್ ಚಂದ್ ಅವರು ಚಂಡೀಗಢದಲ್ಲಿ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಒಂದು ಇಡೀ ತೋಟವನ್ನೇ ಕಟ್ಟಿದರು. ಅವರು ರಸ್ತೆ ಇನ್ಸ್‌ಪೆಕ್ಟರ್ ಆಗಿದ್ದವರು. ಆ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು.

ನನಗೆ ಎಲ್ಲರಿಗಿಂತ ಹತ್ತಿರ ಅನಿಸುವುದು ಜೋಸೆಫ್ ಕಾರ್ನೆಲ್ (1903-1972). ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತಾಯಿ ಮತ್ತು ಕಾಯಿಲೆಯ ತಮ್ಮನನ್ನು ನೋಡಿಕೊಳ್ಳುತ್ತಾ ಒಂದೇ ಮನೆಯಲ್ಲಿ ದಶಕಗಳ ಕಾಲ ಇದ್ದ ಮನುಷ್ಯ. ಚಿತ್ರಕಲೆ ಕಲಿಯಲಿಲ್ಲ. ಹತ್ತು ವರ್ಷ ಉಣ್ಣೆ ಬಟ್ಟೆಯ ಸಗಟು ಕಂಪನಿಯಲ್ಲಿ ಸೇಲ್ಸ್‌ಮನ್. ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿ ಗಾಜಿನ ಲೋಟ, ಮಣ್ಣಿನ ಪೈಪು, ನಕ್ಷೆ, ಚೆಂಡು ತಂದು ಪೆಟ್ಟಿಗೆಯೊಳಗೆ ಜೋಡಿಸಿ ಗಾಜು ಹಾಕುತ್ತಿದ್ದ. ಬಟ್ಟೆ ಮಾರುತ್ತಿದ್ದವನು ಇಂಥದ್ದು ಮಾಡಿದ್ದಾನೆ ಅಂತ ಓದಿದ ದಿನವೇ ನಾನು ಸಜ್ಜೆಯಿಂದ ಡ್ರಾ ಇಳಿಸಿದ್ದು.

ಆದರೆ ನಮ್ಮ ಕಡೆಯವರಿಗೆ ಇದು ಪೂರ್ತಿ ಹೊಸದೇನಲ್ಲ. ಕೌದಿ ನೋಡಿದ್ದೀರಲ್ಲ. ಅಪ್ಪನ ಪಂಚೆ, ಅವ್ವನ ಸೀರೆ, ಮಗುವಿನ ಲಂಗ, ಎಲ್ಲ ಹರಿದು ಒಂದೇ ಹೊದಿಕೆಯಾಗುತ್ತದೆ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಸಣ್ಣ ಹೂವು ಹೊಲಿಯುತ್ತಾರೆ, ಫೂಲ ಅಂತ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ಯಾರು ಉಟ್ಟದ್ದು ಯಾವ ತುಂಡು ಅಂತ ಹೊದ್ದವರಿಗೆ ಗೊತ್ತಿರುತ್ತದೆ. ಪೆಟ್ಟಿಗೆ ಕೆಲಸವೂ ಹಾಗೇ.

ಯಾವುದನ್ನು ಆರಿಸಬೇಕು

ಒಬ್ಬರ ಸಾಮಾನು ಮಾತ್ರ ತೆಗೆದುಕೊಳ್ಳಿ. ಇಡೀ ಮನೆತನದ್ದು ಬೇಡ. ಅಜ್ಜಿಯ ಅಡಕೆ ಕತ್ತರಿ, ಅಜ್ಜನ ಗಡಿಯಾರ, ಚಿಕ್ಕಪ್ಪನ ಪೆನ್ನು ಎಲ್ಲ ಒಂದೇ ಕಡೆ ಹಾಕಿದರೆ ಅದು ಅಂಗಡಿಯ ಷೋಕೇಸ್ ತರಹ ಕಾಣುತ್ತದೆ. ಒಬ್ಬರನ್ನು ಹಿಡಿದುಕೊಳ್ಳಿ. ಸಾಧ್ಯವಾದರೆ ಅವರ ಒಂದು ಕೆಲಸವನ್ನು ಹಿಡಿದುಕೊಳ್ಳಿ.

ಚೆಂದದ್ದನ್ನು ಹುಡುಕಬೇಡಿ. ಸವೆದದ್ದನ್ನು ಹುಡುಕಿ. ಅಪ್ಪನಿಗೆ ಯಾರೋ ಗಿರಾಕಿ ಉಡುಗೊರೆ ಕೊಟ್ಟ ಹೊಸ ಕತ್ತರಿ ಡಬ್ಬಿಯೊಳಗೇ ಇತ್ತು, ಫಳಫಳ ಅಂತಿತ್ತು. ಅದನ್ನು ಮುಟ್ಟಲಿಲ್ಲ. ತೆಗೆದದ್ದು ಹಳೇದನ್ನು. ಅದರ ಹೆಬ್ಬೆರಳಿನ ಹಿಡಿಗೆ ಅಪ್ಪ ಬಟ್ಟೆಯ ಪಟ್ಟಿ ಸುತ್ತಿದ್ದರು, ಕಬ್ಬಿಣ ಒತ್ತಿ ನೋಯಬಾರದು ಅಂತ. ಹತ್ತಿರದಿಂದ ನೋಡಿದರೆ ಅದು ಒಂದು ಪಟ್ಟಿಯಲ್ಲ. ಮೇಲಿನದು ಸ್ಕೂಲ್ ಯೂನಿಫಾರಂನ ನೀಲಿ. ಅದು ಸವೆದ ಕಡೆ ಕೆಳಗಿನ ಖಾಕಿ ಇಣುಕುತ್ತದೆ. ಖಾಕಿಯ ಕೆಳಗೆ ಬಿಳಿ ಲೈನಿಂಗ್ ಬಟ್ಟೆ. ಒಂದು ಸವೆದ ಮೇಲೆ ಇನ್ನೊಂದು ಸುತ್ತುತ್ತಾ ಹೋಗಿದ್ದಾರೆ. ಆ ಬಟ್ಟೆಯಲ್ಲಿ ಹೆಬ್ಬೆರಳಿನ ಗುಣಿ ಈಗಲೂ ಇದೆ. ನನ್ನ ಹೆಬ್ಬೆರಳು ಅದರಲ್ಲಿ ಕೂರುವುದಿಲ್ಲ, ಅಪ್ಪನ ಬೆರಳು ದಪ್ಪ.

ಇಂಥ ಒಂದು ವಸ್ತು ಸಿಕ್ಕರೆ ಸಾಕು, ಅದೇ ಯಜಮಾನ. ಉಳಿದದ್ದೆಲ್ಲ ಅದರ ಸುತ್ತ ಬರುತ್ತದೆ.

ಇನ್ನೊಂದು ಮಾತು. ಮನೆಯವರನ್ನು ಕೇಳದೆ ಯಾವುದನ್ನೂ ತೆಗೆಯಬೇಡಿ. ನಾನು ಟೇಪು ತೆಗೆದಿಟ್ಟುಕೊಂಡದ್ದು ಹರಿಹರದ ಅಕ್ಕನಿಗೆ ಬೇಜಾರಾಯಿತು. "ಅದು ಅಪ್ಪನ ಕೊರಳಲ್ಲಿ ಇರ್ತಿತ್ತು ಕಣೇ, ನನಗೆ ಬೇಕು ಅಂತ ಒಂದು ಮಾತು ಹೇಳಬಾರದಿತ್ತಾ?" ಅಂದಳು. ಅವಳು ಹೇಳಿದ್ದು ಸರಿಯೇ. ಆಮೇಲೆ ಅಪ್ಪನ ಕನ್ನಡಕ ಅವಳು ಇಟ್ಟುಕೊಂಡಳು, ಟೇಪು ನನಗೆ ಬಂತು. ಮೊದಲೇ ಎಲ್ಲರೂ ಕೂತು ಸಾಮಾನು ಹರಡಿಕೊಂಡು ಮಾತಾಡಿ. ಆ ಹೊತ್ತಿಗೆ ಬರುವ ಕಥೆಗಳೂ ಪೆಟ್ಟಿಗೆಗೆ ಬೇಕಾಗುತ್ತವೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಒರೆಸಿ, ತೊಳೆಯಬೇಡಿ

ಹೊಸದರ ಹಾಗೆ ಮಾಡುವ ಆಸೆ ಬರುತ್ತದೆ. ಬೇಡ. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯುತ್ತದೆ ನಿಜ, ಆದರೆ ಎಷ್ಟೋ ವರ್ಷದ ಬಣ್ಣ ಐದು ನಿಮಿಷದಲ್ಲಿ ಹೋಗುತ್ತದೆ. ಧೂಳಿಗೆ ಒಣಗಿದ ಮೆತ್ತನೆ ಬ್ರಷ್ ಸಾಕು. ಕಬ್ಬಿಣದ ತುಕ್ಕು ಉದುರುತ್ತಿದ್ದರೆ ಮಾತ್ರ ಹಳೇ ಟೂತ್ ಬ್ರಷ್‌ನಿಂದ ಉಜ್ಜಿ, ಬಟ್ಟೆಗೆ ಎರಡು ಹನಿ ಮಿಷಿನ್ ಎಣ್ಣೆ ಹಾಕಿ ಒರೆಸಿ. ಎಣ್ಣೆ ಬಟ್ಟೆಗೆ, ಕಾಗದಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಅಂಟು ಹಾಕುವ ಜಾಗದಲ್ಲೂ ಎಣ್ಣೆ ಇರಬಾರದು, ಹಿಡಿಯುವುದಿಲ್ಲ.

ಮರದ ಸಾಮಾನಿಗೆ ಹುಳದ ಪರೀಕ್ಷೆ ಮಾಡಲೇಬೇಕು. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳ ಇದೆ ಅಂತ ಅರ್ಥ. ಚಿಕ್ಕ ಸಾಮಾನಾದರೆ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದ ಹಾಗೆ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ಮರದ ಮೇಲೆ ನೀರು ಕೂರುತ್ತದೆ. ಇದನ್ನು ಮಾಡದೆ ಗಾಜು ಹಾಕಿ ಮುಚ್ಚಿದರೆ ಹುಳಕ್ಕೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಪೆಟ್ಟಿಗೆ

ನನ್ನ ಡ್ರಾ 15 ಇಂಚು ಉದ್ದ, 5 ಇಂಚು ಅಗಲ, 4 ಇಂಚು ಆಳ. ಅದನ್ನು ನೆಟ್ಟಗೆ ನಿಲ್ಲಿಸಿದೆ. ಡ್ರಾದ ತಳವೇ ಹಿಂದಿನ ಗೋಡೆಯಾಯಿತು. ಎಳೆಯುವ ಗುಬ್ಬಿ ತಲೆಯ ಕಡೆ ಬರುವ ಹಾಗೆ ಇಟ್ಟೆ. ತಳದ ಹಲಗೆ ತೆಳ್ಳಗಿತ್ತು, ಕತ್ತರಿಯ ಭಾರ ತಡೆಯುವುದಿಲ್ಲ ಅಂತ ಹಿಂದಿನಿಂದ 6 ಮಿಲಿಮೀಟರ್ ಪ್ಲೈವುಡ್ ಹೊಡೆಸಿದೆ.

ನಿಮ್ಮ ಹತ್ತಿರ ಡ್ರಾ ಇಲ್ಲದಿದ್ದರೆ ಹಳೇ ಗೋಡೆ ಗಡಿಯಾರದ ಪೆಟ್ಟಿಗೆ, ಮಾವಿನಹಣ್ಣಿನ ಮರದ ಪೆಟ್ಟಿಗೆ, ಮಸಾಲೆ ಡಬ್ಬಿ, ಯಾವುದಾದರೂ ಆಗುತ್ತದೆ. ಆಳ 3 ಇಂಚಿಗಿಂತ ಕಡಿಮೆ ಬೇಡ. ಆಳ ಇದ್ದರೆ ತಾನೇ ನೆರಳು ಬೀಳುವುದು. ಆ ಮನುಷ್ಯರೇ ಬಳಸಿದ ಪೆಟ್ಟಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಹಿನ್ನೆಲೆಗೆ ಅಂಗಡಿಯ ಚಿಂದಿ ಚೀಲದಿಂದ ತುಂಡುಗಳನ್ನು ಆರಿಸಿ ಅವ್ವ ಒಂದು ಪುಟ್ಟ ಕೌದಿ ಹೊಲಿದು ಕೊಟ್ಟಳು. ಎಲ್ಲ ಮಾಸಲು ಬಣ್ಣ: ಬೂದು, ಕಂದು, ಬಿಳಿ. ಹಿನ್ನೆಲೆ ಜೋರಾಗಿದ್ದರೆ ಮುಂದಿನ ಸಾಮಾನು ಕಾಣುವುದಿಲ್ಲ. ಬಟ್ಟೆಯನ್ನು ನೇರವಾಗಿ ಮರಕ್ಕೆ ಅಂಟಿಸಬೇಡಿ. ದಪ್ಪ ರಟ್ಟಿಗೆ ಎಳೆದು ಹಿಂದೆ ಮಡಿಸಿ ಹೊಲಿಯಿರಿ, ಆ ರಟ್ಟನ್ನು ಪೆಟ್ಟಿಗೆಯೊಳಗೆ ಕೂರಿಸಿ. ಮುಂದೆ ಯಾವತ್ತಾದರೂ ತೆಗೆಯಬೇಕಾದರೆ ಸುಲಭ.

ಜೋಡಿಸುವುದು

ಇಲ್ಲಿ ಅವಸರ ಮಾಡಬೇಡಿ. ಅಂಟಿನ ಡಬ್ಬಿಯನ್ನು ಇನ್ನೊಂದು ರೂಮಿನಲ್ಲಿ ಇಟ್ಟು ಬನ್ನಿ.

ಪೆಟ್ಟಿಗೆಯ ಅಳತೆಗೆ ಸರಿಯಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಅದರೊಳಗೆ ಸಾಮಾನು ಜೋಡಿಸಿ. ಫೋನಿನಲ್ಲಿ ಫೋಟೋ ತೆಗೆಯಿರಿ. ಬದಲಾಯಿಸಿ, ಮತ್ತೆ ಫೋಟೋ. ಮಾರನೆಯ ದಿನ ಫೋಟೋಗಳನ್ನು ಮಾತ್ರ ನೋಡಿ. ನೆಲದ ಮೇಲೆ ಚೆನ್ನಾಗಿ ಕಂಡದ್ದು ಫೋಟೋದಲ್ಲಿ ಕಿಕ್ಕಿರಿದ ಹಾಗೆ ಕಾಣುತ್ತದೆ. ನಾನು 31 ಸಾಮಾನು ಇಟ್ಟುಕೊಂಡು ಶುರು ಮಾಡಿದೆ. ಕೊನೆಗೆ ಉಳಿದದ್ದು 9. ಒಂದು ಬೊಗಸೆ ಗುಂಡಿಗಳಲ್ಲಿ ನಾಲ್ಕು ಮಾತ್ರ ಬಂದವು. ಪ್ರತಿಯೊಂದನ್ನೂ ತೆಗೆಯುವಾಗ ಹೊಟ್ಟೆ ಚುರುಕ್ ಅನ್ನುತ್ತದೆ. ತೆಗೆದದ್ದನ್ನು ಬಿಸಾಡಬೇಕಾಗಿಲ್ಲ, ಒಂದು ಡಬ್ಬಿಯಲ್ಲಿ ಹಾಕಿಡಿ.

ಆದರೂ ನಾಲ್ಕು ದಿನ ನನಗೆ ಸಮಾಧಾನವೇ ಆಗಲಿಲ್ಲ. ಕತ್ತರಿ ನಡುವೆ, ಸುತ್ತ ಉಳಿದದ್ದು. ಅಂದವಾಗಿತ್ತು, ಅಪ್ಪ ಇರಲಿಲ್ಲ. ಐದನೆಯ ದಿನ ಅವ್ವ ಕಾಫಿ ಲೋಟ ಹಿಡಿದುಕೊಂಡು ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು. "ಪೆನ್ಸಿಲ್ ಕೆಳಗ್ಯಾಕೆ ಇಟ್ಟಿದೀಯ? ಅದು ಅವರ ಕಿವಿ ಮೇಲೆ ಇರ್ತಿತ್ತಲ್ಲ" ಅಂದಳು. ಬಗ್ಗಿ ಆ ಮೋಟು ಪೆನ್ಸಿಲ್ಲನ್ನು ತೆಗೆದು ಮೇಲೆ, ಬಲಮೂಲೆಗೆ, ಓರೆಯಾಗಿ ಇಟ್ಟಳು.

ಅಷ್ಟೇ. ಆಮೇಲೆ ಎಲ್ಲ ತಾನಾಗಿ ಜಾಗ ಹುಡುಕಿಕೊಂಡಿತು. ಟೇಪು ಕೊರಳಲ್ಲಿ ಇರುತ್ತಿತ್ತು, ಅದು ಪೆನ್ಸಿಲ್ಲಿನ ಕೆಳಗೆ ಎರಡೂ ಕಡೆ ಇಳಿಬಿದ್ದಿತು. ಅಳತೆ ಬುಕ್ಕಿನ ಹಾಳೆ ಎದೆಯ ಜಾಗಕ್ಕೆ ಬಂತು, ಅಂಗಿ ಜೇಬಿನ ಎತ್ತರಕ್ಕೆ. ಕತ್ತರಿ ಕೈಯ ಎತ್ತರಕ್ಕೆ ಇಳಿಯಿತು. ಕೂತಾಗ ತೊಡೆ ಮೇಲೆ ಉದುರುತ್ತಿದ್ದ ಗುಂಡಿಗಳು ಅದರ ಕೆಳಗೆ. ಎಣ್ಣೆ ಡಬ್ಬಿ ತಳದಲ್ಲಿ, ಕಾಲಿನ ಹತ್ತಿರ. 15 ಇಂಚಿನ ಡ್ರಾದಲ್ಲಿ ಒಬ್ಬ ಮನುಷ್ಯ ನಿಂತ.

ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಆ ವಸ್ತು ಅವರ ಮೈಮೇಲೆ ಎಲ್ಲಿ ಇರುತ್ತಿತ್ತೋ ಪೆಟ್ಟಿಗೆಯಲ್ಲೂ ಅಲ್ಲೇ ಇಡಿ. ಪಕ್ಕದ ಮನೆಯವರು ರಿಟೈರ್ ಆದ ಬಸ್ ಕಂಡಕ್ಟರ್. ತಮ್ಮ ಪೆಟ್ಟಿಗೆಯನ್ನು ತಾವೇ ಮಾಡಿಕೊಂಡರು. ಸೀಟಿ ಬಾಯಿಯ ಜಾಗದಲ್ಲಿ, ಟಿಕೆಟ್ ಕಟ್ಟು ಎಡಗೈ ಕಡೆ, ತೂತು ಹೊಡೆಯುವ ಪಂಚ್ ಬಲಗೈ ಕಡೆ, ಚರ್ಮದ ಚೀಲದ ಒಂದು ತುಂಡು ಸೊಂಟದ ಹತ್ತಿರ. ನನ್ನ ಗೆಳತಿ ಅವರಮ್ಮನ ಅಡುಗೆಮನೆಯಿಂದ ಮಾಡಿದಳು. ಒಲೆ ಊದುವ ಕೊಳವೆ ಮೇಲೆ, ಲಟ್ಟಣಿಗೆ ನಡುವೆ, ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದ ಬೀರು ಕೀಲಿಕೈ ಪಕ್ಕದಲ್ಲಿ.

ಜಾಗ ಗೊತ್ತಾದ ಮೇಲೆ ಆಳ ನೋಡಿ. ಎಲ್ಲವನ್ನೂ ಹಿಂದಿನ ಗೋಡೆಗೆ ಒತ್ತಿದರೆ ಚಪ್ಪಟೆ ಆಗುತ್ತದೆ. ಕೆಲವನ್ನು ಮರದ ಸಣ್ಣ ತುಂಡುಗಳ ಮೇಲೆ ಕೂರಿಸಿ ಮುಂದೆ ತನ್ನಿ. ಕತ್ತರಿ ಹಿಂಗೋಡೆಯಿಂದ ಒಂದೂವರೆ ಇಂಚು ಮುಂದಿದೆ. ರೂಮಿನ ದೀಪ ಆರಿಸಿ, ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ನೆರಳು ಎಲ್ಲಿ ಬೀಳುತ್ತದೆ ಅಂತ ಗೊತ್ತಾಗುತ್ತದೆ.

ಕಟ್ಟಿ, ಆಗದಿದ್ದರೆ ಮಾತ್ರ ಅಂಟಿಸಿ

ಅಂಟಿಸಿದ್ದು ಮತ್ತೆ ವಾಪಸ್ ಬರುವುದಿಲ್ಲ. ಅದಕ್ಕೇ ಮೊದಲು ಕಟ್ಟಲು ಆಗುತ್ತದಾ ನೋಡಿ. ಕತ್ತರಿಯ ಎರಡು ಕಡೆ ಹಿಂಗೋಡೆಗೆ ಸಣ್ಣ ತೂತು ಹಾಕಿ, ತೆಳ್ಳನೆಯ ತಾಮ್ರದ ತಂತಿ ಸುತ್ತಿ, ಹಿಂದೆ ತಿರುಚಿದೆ. ತಂತಿ ಕಬ್ಬಿಣವನ್ನು ಗೀರದಿರಲಿ ಅಂತ ಸೈಕಲ್ಲಿನ ವಾಲ್‌ಟ್ಯೂಬ್ ತುಂಡನ್ನು ತಂತಿಗೆ ತೊಡಿಸಿದೆ. ಟೇಪು, ಗುಂಡಿ ಎರಡನ್ನೂ ಹಿನ್ನೆಲೆಯ ಬಟ್ಟೆಗೆ ದಾರದಿಂದಲೇ ಹೊಲಿದೆ. ಟೈಲರನ ಗುಂಡಿಯನ್ನು ಅಂಟಿಸುವುದು ನನ್ನಿಂದ ಆಗಲಿಲ್ಲ.

ಒಂದು ಬಾಬಿನ್ನಿನಲ್ಲಿ ನೇರಳೆ ದಾರ ಅರ್ಧ ಸುತ್ತಿದ್ದು ಹಾಗೇ ಇತ್ತು. ಅಪ್ಪ ಕೊನೆಗೆ ಹೊಲಿಯುತ್ತಿದ್ದ ರವಿಕೆಯದು. ಅದರ ದಾರದ ತುದಿಯನ್ನು ಕತ್ತರಿಸದೆ ಕತ್ತರಿಯ ಬಾಯಿಯವರೆಗೆ ಬಿಟ್ಟಿದ್ದೇನೆ. ಬಾಬಿನ್ನನ್ನು ಒಂದು ಮೊಳೆಗೆ ಸಿಕ್ಕಿಸಿದೆ, ಅದರ ನಡುವೆ ತೂತು ಇದ್ದೇ ಇರುತ್ತದಲ್ಲ.

ಅಂಟು ಬೇಕೇ ಬೇಕಾದರೆ: ಮರಕ್ಕೆ ಮರ, ರಟ್ಟು, ಬಟ್ಟೆಗೆ ಫೆವಿಕಾಲ್. ಒಂದು ದಿನ ಒಣಗಲು ಬಿಡಿ. ಲೋಹ, ಗಾಜು, ಪಿಂಗಾಣಿಗೆ ಅರಾಲ್ಡೈಟ್. ಎರಡು ಟ್ಯೂಬಿನಿಂದ ಸಮಸಮ ತೆಗೆದು ಚೆನ್ನಾಗಿ ಕಲಸಿ. ಹಚ್ಚುವ ಮೊದಲು ಲೋಹವನ್ನು ಪಾಲಿಶ್ ಪೇಪರಿನಿಂದ ಸ್ವಲ್ಪ ಒರಟು ಮಾಡಿಕೊಳ್ಳಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಕ್ಷಣದಲ್ಲಿ ಹಿಡಿಯುವ ಅಂಟು ಈ ಕೆಲಸಕ್ಕೆ ಬೇಡ. ಸುತ್ತ ಬಿಳಿ ಮಸುಕು ಬಿಡುತ್ತದೆ, ಕೈ ತಿದ್ದಿಕೊಳ್ಳಲು ಹೊತ್ತೂ ಕೊಡುವುದಿಲ್ಲ.

ಫೋಟೋ, ಕಾಗದದ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ಮೂಲ ಪ್ರತಿಯನ್ನು ಪೆಟ್ಟಿಗೆಗೆ ಹಾಕಬೇಡಿ. ಅಂಗಡಿ ಶುರುವಾದ ದಿನ ಅಪ್ಪ ತೆಗೆಸಿಕೊಂಡ ಕಪ್ಪು ಬಿಳುಪಿನ ಫೋಟೋ ಒಂದೇ ಒಂದು ಇತ್ತು. ಅದರ ಹಿಂದೆ ನಾನು ನೀರಿನಂಶದ ಅಂಟು ಹಚ್ಚಿ ಒತ್ತಿಬಿಟ್ಟೆ. ಬೆಳಗಾಗುವಷ್ಟರಲ್ಲಿ ಸುಕ್ಕು ಬಿದ್ದು ಮುಖದ ಮೇಲೆ ಕಲೆ ಮೂಡಿತ್ತು. ಆ ಫೋಟೋ ಇನ್ನು ಬರುವುದಿಲ್ಲ. ಅದಾದ ಮೇಲೆ ಅಳತೆ ಬುಕ್ಕಿನ ಹಾಳೆಯನ್ನು ಕಲರ್ ಜೆರಾಕ್ಸ್ ಮಾಡಿಸಿ ಅದನ್ನೇ ಹಾಕಿದೆ. ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಕೇಳಿ, ಇಂಕಿನ ಪ್ರಿಂಟ್ ಒದ್ದೆಗೆ ಕದಡುತ್ತದೆ. ಗಿರಾಕಿಗಳ ಹೆಸರಿದ್ದ ಕಡೆ ಮಡಿಸಿದ್ದೇನೆ. ಎದೆ 38, ತೋಳು 9, ಉದ್ದ 29 ಅನ್ನುವ ಅಂಕಿಗಳು ಮಾತ್ರ ಕಾಣುತ್ತವೆ, ಅಪ್ಪನ ಓರೆ ಅಕ್ಷರದಲ್ಲಿ.

ಗಾಜು, ಗೋಡೆ

ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಪೆಟ್ಟಿಗೆಯನ್ನೇ ತೆಗೆದುಕೊಂಡು ಹೋಗಿ ಗಾಜು ಕತ್ತರಿಸಿಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿ. ಒಳಗಿನ ಸಾಮಾನು ಗಾಜಿಗೆ ತಾಗಬಾರದು, ಅರ್ಧ ಇಂಚಾದರೂ ಬಿಡುವು ಇರಲಿ. ಮುಚ್ಚುವ ಮೊದಲು ಮೂಲೆಯಲ್ಲಿ ಕಾಣದ ಹಾಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದು. ಮಳೆಗಾಲದ ತೇವಕ್ಕೆ ಒಳ್ಳೆಯದು.

ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಒಂದೇ ಬೇಸಿಗೆಗೆ ಬಟ್ಟೆಯ ಬಣ್ಣ ಮಂಕಾಗುತ್ತದೆ. ಅಡುಗೆಮನೆಯ ಹಬೆ, ಒಗ್ಗರಣೆ ಹೊಗೆ ಬರುವ ಗೋಡೆಯೂ ಬೇಡ. ಬರೀ ಮೊಳೆಗೆ ನೇತು ಹಾಕಬೇಡಿ. ಡ್ರಿಲ್ ಮಾಡಿಸಿ, ಪ್ಲಗ್ ಹಾಕಿ, ಎರಡು ಸ್ಕ್ರೂ. ನೋಡುವವರ ಕಣ್ಣಿನ ಎತ್ತರಕ್ಕೆ ಇರಲಿ. ನಮ್ಮಲ್ಲಿ ಅವ್ವ ಕೂರುವ ಕುರ್ಚಿಯಿಂದ ಅಳೆದು ಸ್ವಲ್ಪ ತಗ್ಗಿಸಿ ಹಾಕಿದ್ದೇವೆ, ಜಾಸ್ತಿ ನೋಡುವವಳು ಅವಳೇ.

ಗಾಜನ್ನು ಅಂಟಿನಿಂದ ಮುಚ್ಚಬೇಡಿ. ಅಂಚಿಗೆ ಮರದ ಬೀಡಿಂಗ್ ಪಟ್ಟಿ ಇಟ್ಟು ನಾಲ್ಕು ಸ್ಕ್ರೂ ಹಾಕಿ. ನಮ್ಮ ಪೆಟ್ಟಿಗೆ ಗೋಡೆಗೆ ಹೋಗಿ ಎರಡು ತಿಂಗಳಾದ ಮೇಲೆ ಹರಿಹರದಿಂದ ಅಕ್ಕ ಬಂದಳು. ಅಪ್ಪನ ಹಳೇ ಕೋಟಿನ ಜೇಬಿನಲ್ಲಿ ಸಿಕ್ಕಿತು ಅಂತ ಕರವಸ್ತ್ರದ ಗಂಟು ಬಿಚ್ಚಿ ತೋರಿಸಿದಳು. ಸೂಜಿ ಚುಚ್ಚದಿರಲಿ ಅಂತ ಬೆರಳಿಗೆ ಹಾಕಿಕೊಳ್ಳುತ್ತಿದ್ದ ಕಬ್ಬಿಣದ ಪುಟ್ಟ ಟೋಪಿ. ಮೈತುಂಬ ಸೂಜಿಯ ಚುಕ್ಕಿ. "ಇದೂ ಹಾಕ್ತೀಯಾ?" ಅಂತ ಕೇಳಿದಳು. ಪೆಟ್ಟಿಗೆ ಇಳಿಸಿ ನಾಲ್ಕು ಸ್ಕ್ರೂ ಬಿಚ್ಚಿದೆ. ಎಲ್ಲಿಡಬೇಕು ಅಂತ ಯಾರೂ ಯೋಚಿಸಬೇಕಾಗಲಿಲ್ಲ. ಕತ್ತರಿಯ ಪಕ್ಕ ಬಟ್ಟೆಗೆ ಒಂದು ಮೊಳೆ ಒತ್ತಿದೆ, ಅಕ್ಕ ಅದರ ಮೇಲೆ ಟೋಪಿ ತೊಡಿಸಿದಳು.